ಓದುಗರ ಪ್ರಶ್ನೆ, ನಮ್ಮ ಉತ್ತರ: ಆಯ್ಕೆಯ ದಿನದಿಂದ ಆಡುವ ದಿನದವರೆಗೆ

ಐಸ್ ಹಾಕಿಯ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಹದಿನೆಂಟರ ಹುಡುಗನೊಬ್ಬ ವೃತ್ತಿಪರ ಆಟಗಾರನಾಗುವ ಮೊದಲ ಕೆಲವು ವರ್ಷಗಳು ಹೇಗಿರುತ್ತವೆ ಎಂಬುದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಮೊದಲ ಸುತ್ತಿನಲ್ಲೇ ಆಯ್ಕೆಯಾದ ಹುಡುಗರ ಹೆಸರು ಬೇಸಿಗೆಯಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಪಂದ್ಯಗಳು ಆರಂಭವಾದಾಗ ಅವರಲ್ಲಿ ಹೆಚ್ಚಿನವರು ತಂಡದಲ್ಲಿ ಕಾಣುವುದೇ ಇಲ್ಲ. ಹಳೆಯ ಜೂನಿಯರ್ ತಂಡಕ್ಕೆ ಮರಳಿರುತ್ತಾರೆ. ಆರಿಸಿಕೊಂಡ ಮೇಲೆ ಆಡಿಸದಿರುವುದೇಕೆ? ಇದನ್ನು ಸೋಲೆಂದು ತಿಳಿಯಬೇಕೆ?

ಉತ್ತರ: ಸೋಲೆಂದು ಖಂಡಿತ ತಿಳಿಯಬೇಕಾಗಿಲ್ಲ. ಡ್ರಾಫ್ಟ್ ಎಂಬ ಪದವೇ ಈ ತಪ್ಪು ಕಲ್ಪನೆಗೆ ಕಾರಣವೆನಿಸುತ್ತದೆ, ಏಕೆಂದರೆ ಅದು ಕೆಲಸಕ್ಕೆ ಸೇರಿಸಿಕೊಂಡಂತೆ ಕೇಳಿಸುತ್ತದೆ. ನಿಜದಲ್ಲಿ ಡ್ರಾಫ್ಟ್‌ನಿಂದ ತಂಡಕ್ಕೆ ದೊರೆಯುವುದು ಆ ಹುಡುಗನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಮಾತ್ರ. ಲೀಗ್‌ನಲ್ಲಿ 32 ತಂಡಗಳಿವೆ, ಡ್ರಾಫ್ಟ್‌ನಲ್ಲಿ 7 ಸುತ್ತುಗಳಿವೆ. ಹೀಗೆ ಪ್ರತಿ ವರ್ಷ ಸುಮಾರು 224 ಮಂದಿಯನ್ನು ಆರಿಸಿಕೊಳ್ಳಲಾಗುತ್ತದೆ. ಆದರೆ ಒಂದು ತಂಡದ ಪಟ್ಟಿಯಲ್ಲಿ 23 ಜನರಿಗಿಂತ ಹೆಚ್ಚು ಇರುವಂತಿಲ್ಲ, ಪಂದ್ಯದ ದಿನ ಸಮವಸ್ತ್ರ ಧರಿಸುವವರು 20 ಮಂದಿ, ಅವರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಆ 20 ಸ್ಥಾನಗಳಲ್ಲಿ ಹೆಚ್ಚಿನವನ್ನು ವರ್ಷಗಳಿಂದ ಉಳಿಸಿಕೊಂಡು ಬಂದಿರುವ ಅನುಭವಿಗಳು ಯಾರಿಗೂ ಸುಲಭವಾಗಿ ಜಾಗ ಬಿಟ್ಟುಕೊಡುವುದಿಲ್ಲ.

ದೇಹದ ಪ್ರಶ್ನೆಯೂ ಇದೆ. ಜೂನಿಯರ್ ಲೀಗ್‌ನಲ್ಲಿ ತನ್ನದೇ ವಯಸ್ಸಿನವರನ್ನು ಸುಲಭವಾಗಿ ದಾಟಿ ಹೋಗುತ್ತಿದ್ದ ಹುಡುಗ, ಇಲ್ಲಿ ಇಪ್ಪತ್ತೆಂಟು ಮೂವತ್ತರ ವಯಸ್ಸಿನ, ಪೂರ್ಣ ಬೆಳೆದ ಗಂಡಸರ ಎದುರು ಪಕ್‌ಗಾಗಿ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬೋರ್ಡಿನ (ಅಂಗಳದ ಸುತ್ತಲಿನ ತಡೆಗೋಡೆ) ಬಳಿ ಸೆಣಸಬೇಕು. ಒಬ್ಬ ಆಟಗಾರ ಒಮ್ಮೆಗೆ ಅಂಗಳದಲ್ಲಿ ಇರುವುದು ಸುಮಾರು 45 ಸೆಕೆಂಡು. ಅಷ್ಟರಲ್ಲೇ ಪೂರ್ಣ ವೇಗದಲ್ಲಿ ಆಡಿ ಬದಲಿ ಆಟಗಾರನಿಗೆ ಜಾಗ ಬಿಡಬೇಕು. ಮೊದಲ ಬಾರಿಗೆ ಈ ಮಟ್ಟಕ್ಕೆ ಬಂದವನನ್ನು ಹೆಚ್ಚು ಕಾಡುವುದು ಕಾಲಿನ ವೇಗವಲ್ಲ, ಯೋಚನೆಯ ವೇಗ. ಜೂನಿಯರ್ ಆಟದಲ್ಲಿ ಪಕ್ ಕೈಗೆ ಬಂದ ಮೇಲೆ ಏನು ಮಾಡಬೇಕೆಂದು ನೋಡಿ ನಿರ್ಧರಿಸಲು ಸಮಯವಿರುತ್ತದೆ. ಇಲ್ಲಿ ಪಕ್ ಬರುವ ಮೊದಲೇ ನಿರ್ಧರಿಸಿರಬೇಕು.

ಇವೆರಡರ ಜೊತೆಗೆ ನಿಯಮಗಳೂ ಸೇರಿಕೊಳ್ಳುತ್ತವೆ. ಹದಿನೆಂಟು ಅಥವಾ ಹತ್ತೊಂಬತ್ತರ ಆಟಗಾರ ಒಂದು ಋತುವಿನಲ್ಲಿ 10 ಪಂದ್ಯಗಳನ್ನು ಮುಟ್ಟದಿದ್ದರೆ ಅವನ ಮೊದಲ ಒಪ್ಪಂದದ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹೀಗಾಗಿ ತಂಡಗಳು ಅವನನ್ನು 9 ಪಂದ್ಯಗಳವರೆಗೆ ಆಡಿಸಿ ನೋಡಿ, ಸಿದ್ಧನಾಗಿಲ್ಲವೆನಿಸಿದರೆ ಹಿಂದಕ್ಕೆ ಕಳುಹಿಸುವುದುಂಟು. ಕೆನಡಿಯನ್ ಹಾಕಿ ಲೀಗ್‌ನ ಜೂನಿಯರ್ ತಂಡಗಳಿಂದ ಬಂದವರಿಗೆ ದೀರ್ಘಕಾಲ ಇನ್ನೊಂದು ಕಟ್ಟುಪಾಡೂ ಇತ್ತು: ಇಪ್ಪತ್ತು ತುಂಬುವ ಮೊದಲು ಅವರು ಎನ್‌ಎಚ್‌ಎಲ್‌ನಲ್ಲಿ ಆಡಬೇಕು, ಇಲ್ಲವೇ ಜೂನಿಯರ್ ತಂಡಕ್ಕೆ ಮರಳಬೇಕು, ನಡುವಿನ ಎರಡನೇ ದರ್ಜೆಯ ವೃತ್ತಿಪರ ಲೀಗ್ ಆದ ಅಮೆರಿಕನ್ ಹಾಕಿ ಲೀಗ್‌ಗೆ ಹೋಗುವಂತಿರಲಿಲ್ಲ. ಒಂದು ಮಟ್ಟ ತೀರ ಸುಲಭ, ಇನ್ನೊಂದು ತೀರ ಕಠಿಣ ಎನ್ನುವ ಹುಡುಗನಿಗೆ ಈ ನಿಯಮ ನ್ಯಾಯ ಒದಗಿಸಲಿಲ್ಲವೆಂದೇ ನನ್ನ ಅಭಿಪ್ರಾಯ.

ಶೇನ್ ರೈಟ್ ಅವರ ಉದಾಹರಣೆಯನ್ನು ನೋಡಿ. 2019ರಲ್ಲಿ, ಹದಿನೈದರ ವಯಸ್ಸಿನಲ್ಲೇ ಕೆನಡಾದ ಜೂನಿಯರ್ ಲೀಗ್‌ಗಳಲ್ಲೊಂದಾದ ಒಂಟಾರಿಯೊ ಹಾಕಿ ಲೀಗ್‌ಗೆ ಸೇರಲು ಅವರಿಗೆ ವಿಶೇಷ ಅನುಮತಿ ದೊರಕಿತು. 2022ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವರದೇ ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. ಆದರೆ ಮಾಂಟ್ರಿಯಲ್ ತಂಡ ಸ್ಲೊವಾಕಿಯಾದ ಯೂರಾಯ್ ಸ್ಲಾಫ್ಕೊವ್ಸ್ಕಿಯನ್ನು ಆರಿಸಿತು, ರೈಟ್ ನಾಲ್ಕನೆಯವರಾಗಿ ಸಿಯಾಟಲ್‌ಗೆ ಹೋದರು. ಮೊದಲ ವರ್ಷ ಅಲ್ಲಿ ಅವರು ಆಡಿದ್ದು ಕೆಲವೇ ಪಂದ್ಯಗಳು. ಡಿಸೆಂಬರ್‌ನಲ್ಲಿ ತಮ್ಮ ಮೊದಲ ಗೋಲನ್ನು, ತಮ್ಮನ್ನು ಆರಿಸದೆ ಬಿಟ್ಟ ಮಾಂಟ್ರಿಯಲ್ ವಿರುದ್ಧವೇ ಗಳಿಸಿದರು; ವಿಶ್ವ ಜೂನಿಯರ್ ಪಂದ್ಯಾವಳಿಯಲ್ಲಿ ಕೆನಡಾದ ನಾಯಕರಾಗಿ ಚಿನ್ನ ಗೆದ್ದರು; ಆಮೇಲೆ ಜೂನಿಯರ್ ಲೀಗ್‌ಗೆ ಮರಳಿದರು. ಮರುವರ್ಷದ ಹೆಚ್ಚಿನ ಭಾಗ ಕ್ಯಾಲಿಫೋರ್ನಿಯಾದ ಕೋಚೆಲ್ಲ ವ್ಯಾಲಿ ತಂಡದಲ್ಲಿ, ಎರಡನೇ ದರ್ಜೆಯ ಲೀಗ್‌ನಲ್ಲಿ ಕಳೆಯಿತು. 2024-25ರಲ್ಲಿ ಸಿಯಾಟಲ್‌ನ ಕಾಯಂ ಆಟಗಾರರಾಗಿ 44 ಅಂಕ ಗಳಿಸಿದರು. ಐಸ್ ಹಾಕಿಯಲ್ಲಿ ಗೋಲಿಗೂ ಗೋಲಿಗೆ ನೆರವಾದ ಪಾಸಿಗೂ ಒಂದೊಂದು ಅಂಕವೆಂಬುದನ್ನು ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ನಡುವಿನ ಎರಡು ವರ್ಷ ಅವರನ್ನು ನಿರಾಶೆಯ ಕಥೆಯೆಂದು ಬರೆದವರು ಹಲವರು. ಆಗ ಅವರ ವಯಸ್ಸು ಇಪ್ಪತ್ತು ಸಹ ದಾಟಿರಲಿಲ್ಲ ಎಂಬುದನ್ನು ಆ ಬರಹಗಾರರು ಮರೆತಿದ್ದರು.

ಪ್ರಶ್ನೆ: ಎರಡು ದಿನ ತಡವಾಗಿ ಹುಟ್ಟಿದ ಕಾರಣ ಒಬ್ಬ ಆಟಗಾರ ಡ್ರಾಫ್ಟ್‌ಗೆ ಒಂದು ವರ್ಷ ಕಾಯಬೇಕಾಯಿತೆಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ನಿಜ. ಆ ವರ್ಷದ ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವವರಷ್ಟೇ ಡ್ರಾಫ್ಟ್‌ಗೆ ಅರ್ಹರು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು, ಆದ್ದರಿಂದ 2015ರ ಬದಲು 2016ರವರೆಗೆ ಕಾಯಬೇಕಾಯಿತು. ಅಲೆಕ್ಸಾಂಡರ್ ಒವೆಚ್ಕಿನ್ ಅವರ ಜನ್ಮದಿನವೂ ಸೆಪ್ಟೆಂಬರ್ 17, ವರ್ಷ 1985. ಅವರೂ ಹೀಗೆಯೇ ಒಂದು ವರ್ಷ ಕಾದು 2004ರಲ್ಲಿ ಮೊದಲ ಆಯ್ಕೆಯಾದರು.

ಮ್ಯಾಥ್ಯೂಸ್ ಆ ಹೆಚ್ಚುವರಿ ವರ್ಷವನ್ನು ಬಳಸಿಕೊಂಡ ರೀತಿ ನನಗೆ ಬಹಳ ಮೆಚ್ಚುಗೆಯಾಗಿದೆ. ಅರಿಜೋನಾದಲ್ಲಿ ಬೆಳೆದ ಅವರು ಜೂನಿಯರ್ ಲೀಗ್‌ನಲ್ಲಿ ಇನ್ನೊಂದು ವರ್ಷ ಸುಲಭವಾಗಿ ಗೋಲು ಹೊಡೆಯುತ್ತ ಕಾಲ ಕಳೆಯಬಹುದಾಗಿತ್ತು. ಅದರ ಬದಲು ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್ ತಂಡಕ್ಕೆ ಸೇರಿ, ತಮಗಿಂತ ಎಷ್ಟೋ ಹಿರಿಯರ ಜೊತೆ ಮತ್ತು ಎದುರು ಆಡಿದರು. 2016ರ ಅಕ್ಟೋಬರ್ 12ರಂದು ಟೊರಾಂಟೊ ಪರವಾಗಿ ತಮ್ಮ ಮೊಟ್ಟಮೊದಲ ಎನ್‌ಎಚ್‌ಎಲ್ ಪಂದ್ಯದಲ್ಲೇ ಆಟಾವಾ ವಿರುದ್ಧ ನಾಲ್ಕು ಗೋಲು ಗಳಿಸಿದರು. ಆ ಪಂದ್ಯವನ್ನು ಟೊರಾಂಟೊ ಸೋತಿತೆಂಬುದು ಬೇರೆ ಮಾತು.

ಜನ್ಮದಿನಾಂಕದ ಪರಿಣಾಮ ಇನ್ನೂ ಕೆಳಗಿನ ಹಂತದಲ್ಲೇ ಶುರುವಾಗುತ್ತದೆ. ಕೆನಡಾದಲ್ಲಿ ಮಕ್ಕಳ ವಯೋವರ್ಗಗಳನ್ನು ಜನವರಿ 1ರಿಂದ ಎಣಿಸುವುದರಿಂದ, ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗಿಂತ ಸುಮಾರು ಒಂದು ವರ್ಷ ದೊಡ್ಡದಾಗಿದ್ದರೂ ಅವರಿಬ್ಬರೂ ಒಂದೇ ತಂಡದ ಆಯ್ಕೆಗೆ ನಿಲ್ಲುತ್ತಾರೆ. ದೊಡ್ಡ ಮಗುವನ್ನು ಪ್ರತಿಭಾವಂತನೆಂದು ಆರಿಸುತ್ತಾರೆ, ಆರಿಸಿದವನಿಗೆ ಹೆಚ್ಚು ತರಬೇತಿ ಸಿಗುತ್ತದೆ, ಆ ತರಬೇತಿಯಿಂದ ಅವನು ನಿಜವಾಗಿಯೂ ಮುಂದಾಗುತ್ತಾನೆ. ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ಇದನ್ನು ಗುರುತಿಸಿ ತೋರಿಸಿದ್ದರು.

ಪ್ರಶ್ನೆ: ನನ್ನ ಅಕ್ಕನ ಮೊಮ್ಮಗ ಕೆನಡಾದಲ್ಲಿ ಹುಟ್ಟಿ ಬೆಳೆದವನು, ಹದಿನಾರು ವರ್ಷ. ಮನೆಯಿಂದ ಬಹಳ ದೂರದ ಊರಿನ ಜೂನಿಯರ್ ತಂಡವೊಂದು ಅವನನ್ನು ಆರಿಸಿಕೊಂಡಿದೆ. ಅಲ್ಲಿ ಪರಿಚಯವೇ ಇಲ್ಲದ ಕುಟುಂಬದ ಜೊತೆ ಇರಬೇಕಂತೆ. ಅಕ್ಕ ನಿದ್ದೆಗೆಟ್ಟಿದ್ದಾಳೆ. ಕಳುಹಿಸುವುದು ಸರಿಯೇ?

ಉತ್ತರ: ನಿಮ್ಮ ಅಕ್ಕನವರ ಆತಂಕ ಸಹಜವಾದದ್ದು, ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಈ ಏರ್ಪಾಡು ಅಲ್ಲಿ ಹೊಸದಲ್ಲ, ಹಲವು ತಲೆಮಾರುಗಳಿಂದ ನಡೆದು ಬಂದಿದೆ ಎಂಬುದನ್ನು ಅವರಿಗೆ ತಿಳಿಸಿ. ಇಂಥ ಮನೆಗಳನ್ನು ಬಿಲೆಟ್ ಕುಟುಂಬಗಳೆಂದು ಕರೆಯುತ್ತಾರೆ. ಊರಿನವರೇ ಆದ ಈ ಕುಟುಂಬಗಳನ್ನು ತಂಡವೇ ಗುರುತಿಸಿ, ಹುಡುಗನ ಊಟ ವಸತಿಗಾಗಿ ಅವರಿಗೆ ತಿಂಗಳಿಗಿಷ್ಟೆಂದು ಹಣ ಕೊಡುತ್ತದೆ. ಹುಡುಗ ಅಲ್ಲಿಯ ಶಾಲೆಗೆ ಹೋಗುತ್ತಾನೆ, ಮಧ್ಯಾಹ್ನ ಅಭ್ಯಾಸ ಮಾಡುತ್ತಾನೆ, ವಾರಾಂತ್ಯಗಳಲ್ಲಿ ಬಸ್ಸಿನಲ್ಲಿ ದೂರದೂರದ ಊರುಗಳಿಗೆ ಪಯಣಿಸಿ ಆಡುತ್ತಾನೆ. ಆಟಗಾರರಾಗಿ ಹೆಸರು ಮಾಡಿದವರಲ್ಲಿ ಎಷ್ಟೋ ಮಂದಿ ತಮ್ಮ ಬಿಲೆಟ್ ತಾಯಿಯನ್ನು ಸ್ವಂತ ತಾಯಿಯಷ್ಟೇ ಪ್ರೀತಿಯಿಂದ ನೆನೆಯುತ್ತಾರೆ, ಮದುವೆಗೂ ಕರೆಯುತ್ತಾರೆ.

ಮನೆಯ ಆಸರೆ ಹದಿನಾರರವರಿಗಷ್ಟೇ ಬೇಕಾದದ್ದೆಂದು ತಿಳಿಯಬೇಡಿ. ಸಿಡ್ನಿ ಕ್ರಾಸ್‌ಬಿ 2005ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಾಗ, ಎನ್‌ಎಚ್‌ಎಲ್‌ನ ಅತ್ಯಂತ ಪ್ರಸಿದ್ಧ ಹೊಸ ಆಟಗಾರನಾಗಿದ್ದರೂ, ಬಾಡಿಗೆ ಮನೆ ಹಿಡಿಯಲಿಲ್ಲ. ತಂಡದ ಒಡೆಯರೂ ಹಿರಿಯ ಆಟಗಾರರೂ ಆಗಿದ್ದ ಮಾರಿಯೊ ಲೆಮ್ಯೂ ಅವರ ಮನೆಯಲ್ಲಿ, ಅವರ ಹೆಂಡತಿ ಮಕ್ಕಳ ನಡುವೆ ಕೆಲವು ವರ್ಷ ವಾಸವಾಗಿದ್ದರು. ಮೊದಲ ಋತುವಿನಲ್ಲೇ 102 ಅಂಕ ಗಳಿಸಿದ ಆ ಹುಡುಗ ಪಂದ್ಯ ಮುಗಿಸಿ ಮರಳುತ್ತಿದ್ದುದು ಮಕ್ಕಳಿದ್ದ, ಊಟದ ಮೇಜಿನಲ್ಲಿ ಮಾತಿದ್ದ ಮನೆಗೆ. ಅದು ಅವರ ಆಟಕ್ಕೆ ಎಷ್ಟು ನೆರವಾಯಿತೆಂದು ಅಳೆಯಲಾಗದು. ಆದರೂ ಅದು ಸಣ್ಣ ಸಂಗತಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಕಳುಹಿಸುವ ಮೊದಲು ಹುಡುಗನ ತಂದೆ ತಾಯಿ ಆ ಮನೆಗೆ ಸ್ವತಃ ಹೋಗಿ ಬರಲಿ. ಮನೆಯಲ್ಲಿ ಬೇರೆ ಆಟಗಾರರು ಇದ್ದಾರೆಯೇ, ಶಾಲೆಗೆ ಹೋಗಿಬರುವ ವ್ಯವಸ್ಥೆ ಹೇಗೆ, ಹುಡುಗನಿಗೆ ತೊಂದರೆಯಾದರೆ ತಂಡದಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಸಂಕೋಚವಿಲ್ಲದೆ ಕೇಳಲಿ. ಹಿರಿಯ ಆಟಗಾರರು ಹೊಸಬರನ್ನು ಗೋಳುಹೊಯ್ದುಕೊಳ್ಳುವ ಕೆಟ್ಟ ಪದ್ಧತಿ ಜೂನಿಯರ್ ಹಾಕಿಯಲ್ಲಿ ಇತ್ತು, ಅದರಿಂದ ನೊಂದವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಹೀಗಿರುವಾಗ ಇಂಥ ಪ್ರಶ್ನೆಗಳನ್ನು ಕೇಳುವುದು ಅವಿಶ್ವಾಸವಲ್ಲ, ಹೆತ್ತವರ ಕರ್ತವ್ಯ. ಕೊನೆಗೆ ಹುಡುಗನನ್ನೂ ಕೇಳಿ. ಹದಿನಾರರವನು ತನಗೆ ಇನ್ನೂ ಒಂದು ವರ್ಷ ಮನೆಯಲ್ಲೇ ಇರಬೇಕೆನಿಸುತ್ತದೆ ಎಂದರೆ, ಅದರಿಂದ ಅವನ ಭವಿಷ್ಯವೇನೂ ಮುಳುಗಿಹೋಗುವುದಿಲ್ಲ.

ಪ್ರಶ್ನೆ: ಜೂನಿಯರ್ ಲೀಗ್ ಒಳ್ಳೆಯದೋ, ಅಮೆರಿಕದ ಕಾಲೇಜು ಹಾಕಿ ಒಳ್ಳೆಯದೋ?

ಉತ್ತರ: ಇದಕ್ಕೆ ಕೆಲವು ವರ್ಷಗಳ ಹಿಂದೆ ಬೇರೆಯೇ ಉತ್ತರ ಕೊಡಬೇಕಾಗುತ್ತಿತ್ತು. ಕೆನಡಿಯನ್ ಹಾಕಿ ಲೀಗ್‌ನ ತಂಡದಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ವೃತ್ತಿಪರರೆಂದು ಪರಿಗಣಿಸಿ ದೂರವಿಡುತ್ತಿತ್ತು. ಹದಿನೈದು ಹದಿನಾರರ ವಯಸ್ಸಿನ ಹುಡುಗ ಎರಡರಲ್ಲಿ ಒಂದು ಬಾಗಿಲನ್ನು ತಾನೇ ಮುಚ್ಚಿಕೊಳ್ಳಬೇಕಾಗಿತ್ತು. 2024ರ ನವೆಂಬರ್‌ನಲ್ಲಿ ಆ ಸಂಸ್ಥೆ ನಿಯಮ ಬದಲಿಸಿತು, 2025ರ ಆಗಸ್ಟ್‌ನಿಂದ ಅದು ಜಾರಿಗೆ ಬಂದಿತು. ಕೆನಡಾದ ಮೆಡಿಸಿನ್ ಹ್ಯಾಟ್ ಜೂನಿಯರ್ ತಂಡದ ಗ್ಯಾವಿನ್ ಮೆಕೆನ್ನಾ ಅದೇ ವರ್ಷ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಈ ಬದಲಾವಣೆಯಿಂದಲೇ ಸಾಧ್ಯವಾಯಿತು.

ಆಯ್ಕೆ ಹುಡುಗನ ಅಗತ್ಯವನ್ನು ಅವಲಂಬಿಸಿದೆ. ಒಂಟಾರಿಯೊ ಮತ್ತು ಪಶ್ಚಿಮ ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಋತುವಿಗೆ 68 ಪಂದ್ಯಗಳು, ದೀರ್ಘ ಬಸ್ ಪ್ರಯಾಣ, ಬಿಡುವಿಲ್ಲದ ದಿನಚರಿ. ಅದು ವೃತ್ತಿಪರ ಬದುಕಿಗೆ ತೀರ ಹತ್ತಿರ. ಕಾಲೇಜಿನಲ್ಲಿ ಪಂದ್ಯಗಳು ಸುಮಾರು ಅದರ ಅರ್ಧ, ಹೆಚ್ಚಿನವು ವಾರದ ಕೊನೆಯಲ್ಲಿ. ಉಳಿದ ದಿನಗಳು ವ್ಯಾಯಾಮಕ್ಕೂ ಅಭ್ಯಾಸಕ್ಕೂ ಓದಿಗೂ ಸಿಗುತ್ತವೆ, ಎದುರಾಳಿಗಳೂ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುರಿಯಾಳುಗಳು. ದೇಹ ಇನ್ನೂ ಬಲಿಯಬೇಕಾದವನಿಗೆ ಎರಡನೆಯದು ಒಗ್ಗುತ್ತದೆ.

ಕೇಲ್ ಮಕಾರ್ ಈ ದಾರಿಯ ಅತ್ಯುತ್ತಮ ಉದಾಹರಣೆ. 2017ರಲ್ಲಿ ಕೊಲರಾಡೊ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡ ಮೇಲೂ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿದರು. ಮೊದಲ ವರ್ಷ ಮುಗಿದಾಗ ಬಿಟ್ಟುಬರುವ ಅವಕಾಶವಿದ್ದರೂ ಬರಲಿಲ್ಲ. ಎರಡನೇ ವರ್ಷ ಕಾಲೇಜು ಹಾಕಿಯ ಶ್ರೇಷ್ಠ ಆಟಗಾರನೆಂಬ ಹೋಬಿ ಬೇಕರ್ ಪ್ರಶಸ್ತಿ ಪಡೆದು, ಕೆಲವೇ ದಿನಗಳಲ್ಲಿ ನೇರವಾಗಿ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಲ್ಲುವ ಕಪ್) ಪ್ಲೇಆಫ್ ಪಂದ್ಯಕ್ಕೆ ಇಳಿದು ಗೋಲು ಹೊಡೆದರು. 2020ರಲ್ಲಿ ಶ್ರೇಷ್ಠ ಹೊಸ ಆಟಗಾರನಿಗೆ ಸಲ್ಲುವ ಕಾಲ್ಡರ್ ಪ್ರಶಸ್ತಿ, 2022ರಲ್ಲಿ ಸ್ಟ್ಯಾನ್ಲಿ ಕಪ್ ಅವರ ಕೈಸೇರಿದವು.

ಪ್ರಶ್ನೆ: ಹದಿನೆಂಟರ ಹುಡುಗನಿಗೆ ಕೋಟಿಗಟ್ಟಲೆ ಹಣ ಕೊಡುತ್ತಾರೆಂಬುದು ಎಷ್ಟರಮಟ್ಟಿಗೆ ಸತ್ಯ?

ಉತ್ತರ: ಅರ್ಧ ಸತ್ಯ. ಈ ವಿಷಯದ ಹಿಂದೆ ಒಂದು ಕಥೆಯಿದೆ. 1993ರಲ್ಲಿ ಆಟಾವಾ ತಂಡ ಅಲೆಕ್ಸಾಂಡರ್ ಡೇಗ್ಲ್ ಎಂಬ ಆಟಗಾರನನ್ನು ಮೊದಲನೆಯವರಾಗಿ ಆರಿಸಿ, ಎನ್‌ಎಚ್‌ಎಲ್‌ನಲ್ಲಿ ಒಂದೂ ಪಂದ್ಯ ಆಡುವ ಮೊದಲೇ, ಐದು ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದವರು ಇದನ್ನು ಕಂಡು ಕೆರಳಿದರು. ಡೇಗ್ಲ್ ಆ ನಿರೀಕ್ಷೆಗೆ ತಕ್ಕಂತೆ ಬೆಳೆಯಲಿಲ್ಲ; 1998ರ ಜನವರಿಯಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಅದೇ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾಗಿದ್ದ ಕ್ರಿಸ್ ಪ್ರಾಂಗರ್ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಡೇಗ್ಲ್ ಅವರನ್ನು ಇಂದಿಗೂ ವೈಫಲ್ಯದ ಮಾದರಿಯಾಗಿ ಹೆಸರಿಸುವುದು ನನಗೆ ನೋವಿನ ಸಂಗತಿ: ಹಣದ ಮೊತ್ತವನ್ನು ನಿರ್ಧರಿಸಿದವರು ದೊಡ್ಡವರು, ಅದರ ಭಾರ ಹೊತ್ತವನು ಹದಿನೆಂಟರ ಹುಡುಗ.

ಆ ಪ್ರಕರಣದ ನಂತರ, 1995ರ ಒಪ್ಪಂದದಲ್ಲಿ ಹೊಸ ಆಟಗಾರರ ಸಂಬಳಕ್ಕೆ ಮಿತಿ ಬಂದಿತು. ಈಗಿನ ವ್ಯವಸ್ಥೆಯಲ್ಲಿ 18ರಿಂದ 21ರ ವಯಸ್ಸಿನಲ್ಲಿ ಸಹಿ ಹಾಕುವವರ ಮೊದಲ ಒಪ್ಪಂದ ಮೂರು ವರ್ಷದ್ದು, 22 ಅಥವಾ 23ರಲ್ಲಿ ಹಾಕಿದರೆ ಎರಡು ವರ್ಷದ್ದು, 24ರಲ್ಲಾದರೆ ಒಂದು ವರ್ಷದ್ದು. ಮೂಲ ಸಂಬಳಕ್ಕೆ ಗರಿಷ್ಠ ಮಿತಿಯಿದೆ. ಕಾನರ್ ಮೆಕ್‌ಡೇವಿಡ್ 2015ರಲ್ಲಿ ಮೊದಲ ಆಯ್ಕೆಯಾಗಿ ಬಂದಾಗ ಅದು ವರ್ಷಕ್ಕೆ 9,25,000 ಡಾಲರ್ ಆಗಿತ್ತು. ಗೋಲು, ಅಂಕ, ಪ್ರಶಸ್ತಿಗಳಿಗೆ ಪ್ರತ್ಯೇಕ ಬೋನಸ್ ಇರಬಹುದು.

ಆದರೆ ಆ ದೊಡ್ಡ ಅಂಕಿ ಎನ್‌ಎಚ್‌ಎಲ್ ಪಟ್ಟಿಯಲ್ಲಿರುವ ದಿನಗಳಿಗೆ ಮಾತ್ರ ಅನ್ವಯಿಸುತ್ತದೆ. ಮೊದಲ ಒಪ್ಪಂದದಲ್ಲಿ ಎರಡು ಬಗೆಯ ಸಂಬಳ ಬರೆದಿರುತ್ತದೆ. ಎರಡನೇ ದರ್ಜೆಯ ಲೀಗ್‌ಗೆ ಕಳುಹಿಸಿದ ದಿನದಿಂದ ಅಲ್ಲಿಯ ಸಂಬಳ ಅನ್ವಯವಾಗುತ್ತದೆ, ಅದು ಮೇಲಿನ ಮಿತಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ತೆರಿಗೆ, ಏಜೆಂಟರ ಪಾಲು, ಬೇಸಿಗೆಯ ತರಬೇತಿಯ ಖರ್ಚು ಇವೆಲ್ಲ ಕಳೆದ ಮೇಲೆ ಉಳಿಯುವುದರಿಂದ ಜೀವನ ನಡೆಯುತ್ತದೆ, ಸಂಪತ್ತು ಕೂಡುವುದಿಲ್ಲ. ನಿಜವಾದ ಹಣ ಬರುವುದು ಎರಡನೇ ಒಪ್ಪಂದದಲ್ಲಿ: ಮೆಕ್‌ಡೇವಿಡ್ 2017ರಲ್ಲಿ ಎಡ್ಮಂಟನ್ ಜೊತೆ ಎಂಟು ವರ್ಷಕ್ಕೆ ಹತ್ತು ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದರು. ಅಂಥ ಎರಡನೇ ಒಪ್ಪಂದದವರೆಗೆ ತಲುಪುವವರು ಕಡಿಮೆ.

ಪ್ರಶ್ನೆ: ಅಮೆರಿಕನ್ ಹಾಕಿ ಲೀಗ್‌ಗೆ ಕಳುಹಿಸಿದರೆಂದರೆ ಕೆಳಗಿಳಿಸಿದರೆಂದೇ ಅಲ್ಲವೇ? ಅಲ್ಲಿಂದ ಮೇಲೆ ಬಂದವರಿದ್ದಾರೆಯೇ?

ಉತ್ತರ: ಮೇಲೆ ಬಂದವರೇ ಹೆಚ್ಚು. ಇಂದು ಎನ್‌ಎಚ್‌ಎಲ್‌ನಲ್ಲಿ ಆಡುತ್ತಿರುವ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಆ ಲೀಗ್‌ನಲ್ಲಿ ಆಡಿಯೇ ಬಂದವರು. ಅಲ್ಲಿಯೂ 32 ತಂಡಗಳಿದ್ದು, ಪ್ರತಿಯೊಂದೂ ಒಂದೊಂದು ಎನ್‌ಎಚ್‌ಎಲ್ ತಂಡಕ್ಕೆ ಹೊಂದಿಕೊಂಡಿದೆ. ಋತುವಿಗೆ 72 ಪಂದ್ಯಗಳು. ಡೆಟ್ರಾಯ್ಟ್ ತಂಡ ತನ್ನ ಯುವಕರನ್ನು ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ತಂಡದಲ್ಲಿ ಸಾಕಷ್ಟು ಕಾಲ ಇರಿಸಿ, ಕಳಿತು ಹಣ್ಣಾದ ಮೇಲೆಯೇ ಕರೆಸಿಕೊಳ್ಳುವುದಕ್ಕೆ ಹೆಸರಾಗಿತ್ತು.

ಎನ್‌ಎಚ್‌ಎಲ್‌ನಲ್ಲಿ ನಾಲ್ಕನೇ ಸಾಲಿನಲ್ಲಿ, ಅಂದರೆ ಸರದಿಯಂತೆ ಅಂಗಳಕ್ಕಿಳಿಯುವ ಗುಂಪುಗಳಲ್ಲಿ ಕೊನೆಯದರಲ್ಲಿ, ಕುಳಿತು ಪಂದ್ಯಕ್ಕೆ ಏಳೆಂಟು ನಿಮಿಷ ಆಡುವುದಕ್ಕಿಂತ, ಇಲ್ಲಿ ಇಪ್ಪತ್ತು ನಿಮಿಷ ಆಡುತ್ತ, ಒಬ್ಬ ಆಟಗಾರ ಕಡಿಮೆ ಇರುವಾಗ ರಕ್ಷಣೆ ಹೇಗೆ, ಒಬ್ಬ ಹೆಚ್ಚಿರುವಾಗ ದಾಳಿ ಹೇಗೆ ಎಂಬುದನ್ನು ಕಲಿಯುವುದು ಯುವಕನಿಗೆ ಹೆಚ್ಚು ಉಪಯುಕ್ತ. ತಪ್ಪು ಮಾಡಿದರೆ ಮುಂದಿನ ಸರದಿಯಲ್ಲಿ ತಿದ್ದಿಕೊಳ್ಳಬಹುದು. ಮೇಲಿನ ಲೀಗ್‌ನಲ್ಲಿ ಒಂದು ತಪ್ಪಿಗೆ ಉಳಿದ ಪಂದ್ಯವಿಡೀ ಬೆಂಚಿನಲ್ಲಿ ಕೂರಬೇಕಾದೀತು.

ಅರ್ಷ್‌ದೀಪ್ ಬೈನ್ಸ್ ಅವರ ದಾರಿಯನ್ನು ಇಲ್ಲಿ ವಿವರವಾಗಿ ಹೇಳಬೇಕೆನಿಸುತ್ತದೆ. ಬ್ರಿಟಿಷ್ ಕೊಲಂಬಿಯಾದ ಸರಿ ಎಂಬ ಊರಿನ ಪಂಜಾಬಿ ಕುಟುಂಬದ ಬೈನ್ಸ್ ಅವರನ್ನು ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ. ಆಯ್ಕೆಯಾದ ಹೆಸರುಗಳಲ್ಲಿ ತನ್ನದಿಲ್ಲವೆಂದು ತಿಳಿದ ಮೇಲೂ ಜೂನಿಯರ್ ಆಟ ಬಿಡದೆ, 2021-22ರಲ್ಲಿ ರೆಡ್ ಡಿಯರ್ ತಂಡದ ಪರವಾಗಿ 112 ಅಂಕ ಗಳಿಸಿ ಇಡೀ ವೆಸ್ಟರ್ನ್ ಹಾಕಿ ಲೀಗ್‌ಗೆ ಮೊದಲಿಗರಾದರು. ಆಗ ವ್ಯಾಂಕೂವರ್ ತಂಡ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಅಬಟ್ಸ್‌ಫರ್ಡ್‌ನ ತಂಡಕ್ಕೆ ಕಳುಹಿಸಿತು. ಎನ್‌ಎಚ್‌ಎಲ್‌ನ ಮೊದಲ ಪಂದ್ಯ 2024ರ ಫೆಬ್ರುವರಿಯಲ್ಲಿ, ಮೊದಲ ಗೋಲು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆಮೇಲೂ ಮೇಲೆ ಕೆಳಗೆ ಓಡಾಟ ನಿಲ್ಲಲಿಲ್ಲ. 2025ರಲ್ಲಿ ಅಬಟ್ಸ್‌ಫರ್ಡ್ ಅಮೆರಿಕನ್ ಹಾಕಿ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಕಾಲ್ಡರ್ ಕಪ್ ಗೆದ್ದಾಗ ಆ ತಂಡದಲ್ಲಿ ಅವರೂ ಇದ್ದರು. ಆಗ ತಂಡದ ತರಬೇತುದಾರ ಮ್ಯಾನಿ ಮಲ್ಹೋತ್ರಾ. ಭಾರತೀಯ ಮೂಲದ ತಂದೆಯ ಮಗನಾದ ಅವರು 1998ರಲ್ಲಿ ಏಳನೆಯವರಾಗಿ ಆಯ್ಕೆಯಾಗಿ ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯಗಳನ್ನು ಆಡಿದವರು. ಮೊದಲ ಸುತ್ತಿನಲ್ಲೇ ಆಯ್ಕೆಯಾದವರೊಬ್ಬರು, ಯಾರೂ ಆರಿಸದವರೊಬ್ಬರು, ಇಬ್ಬರೂ ಎರಡನೇ ದರ್ಜೆಯ ಲೀಗ್‌ನ ಒಂದೇ ಬೆಂಚಿನ ಬಳಿ ನಿಂತು ಕಪ್ ಗೆದ್ದದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪ್ರಶ್ನೆ: ಗೋಲ್‌ಕೀಪರ್‌ಗಳು ತಡವಾಗಿ ಬೆಳಕಿಗೆ ಬರುವುದೇಕೆ?

ಉತ್ತರ: ತಂಡದಲ್ಲಿ ಇಬ್ಬರು ಗೋಲ್‌ಕೀಪರ್‌ಗಳಿದ್ದರೂ ಒಮ್ಮೆಗೆ ಆಡುವವರು ಒಬ್ಬರೇ. ಫಾರ್ವರ್ಡ್ ಆಟಗಾರನನ್ನು ಮೂರನೇ ಅಥವಾ ನಾಲ್ಕನೇ ಸಾಲಿನಲ್ಲಿರಿಸಿ ಮೆಲ್ಲಗೆ ಬೆಳೆಸಬಹುದು. ಗೋಲಿನ ಮುಂದೆ ನಿಂತವನಿಗೆ ಆ ಸೌಲಭ್ಯವಿಲ್ಲ. ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ರ ಡ್ರಾಫ್ಟ್‌ನಲ್ಲಿ 205ನೆಯವರಾಗಿ ಆಯ್ಕೆಯಾಗಿ, ಮತ್ತೆ ಐದು ವರ್ಷ ಸ್ವೀಡನ್‌ನಲ್ಲೇ ಆಡಿ, 2005ರಲ್ಲಿ ನ್ಯೂಯಾರ್ಕ್‌ಗೆ ಬಂದು ಅಲ್ಲಿಯ ಮನೆಮಾತಾದರು. ಜೋರ್ಡನ್ ಬಿನ್ನಿಂಗ್ಟನ್ 2011ರಲ್ಲಿ ಆಯ್ಕೆಯಾದವರು; ಸೇಂಟ್ ಲೂಯಿಸ್ ತಂಡದ ಗೋಲು ಕಾಯುವ ನಿಜವಾದ ಅವಕಾಶ ದೊರೆತದ್ದು 2019ರ ಜನವರಿಯಲ್ಲಿ, ಅದೇ ವರ್ಷ ಜೂನ್‌ನಲ್ಲಿ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು.

ಪ್ರಶ್ನೆ: ಮೊದಲ ವರ್ಷವೇ ದೊಡ್ಡ ಗಾಯವಾದರೆ ಆಟಗಾರನ ಗತಿಯೇನು?

ಉತ್ತರ: ಮೆಕ್‌ಡೇವಿಡ್ ಅವರಿಗೆ ಮೊದಲ ಋತುವಿನ ಎರಡನೇ ತಿಂಗಳಲ್ಲೇ, 2015ರ ನವೆಂಬರ್ 3ರಂದು, ಬೋರ್ಡಿಗೆ ಬಡಿದು ಕೊರಳೆಲುಬು ಮುರಿಯಿತು. 37 ಪಂದ್ಯಗಳು ತಪ್ಪಿದವು. ಫೆಬ್ರುವರಿಯಲ್ಲಿ ಮರಳಿ ಬಂದು, ಒಟ್ಟು 45 ಪಂದ್ಯಗಳಲ್ಲಿ 48 ಅಂಕ ಗಳಿಸಿದರು. ಮುಂದಿನ ಋತುವಿಗೆ ಹತ್ತೊಂಬತ್ತರ ವಯಸ್ಸಿನಲ್ಲೇ ತಂಡದ ನಾಯಕರಾಗಿ 100 ಅಂಕ ಗಳಿಸಿದರು. ಕಾನರ್ ಬೆಡಾರ್ಡ್ ಅವರ ದವಡೆ 2024ರ ಜನವರಿಯಲ್ಲಿ ಮುರಿದರೂ ಅವರು ಆ ವರ್ಷದ ಕಾಲ್ಡರ್ ಪ್ರಶಸ್ತಿ ಪಡೆದರು. ಎಲುಬು ಮುರಿದರೆ ಕೂಡುತ್ತದೆ, ಎಂದು ಕೂಡಬಹುದೆಂದು ವೈದ್ಯರು ಹೇಳಬಲ್ಲರು. ನನ್ನ ಹೆಚ್ಚಿನ ಕಳವಳ ಮಿದುಳಿನ ಆಘಾತದ ಬಗ್ಗೆ. 2011ರ ಜನವರಿಯಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ತಲೆಗೆ ಪೆಟ್ಟು ತಿಂದ ಕ್ರಾಸ್‌ಬಿ ಸುಮಾರು ಹತ್ತು ತಿಂಗಳು ಆಡಲಾಗಲಿಲ್ಲ, ಮರಳಿದ ಮೇಲೂ ಲಕ್ಷಣಗಳು ಮರುಕಳಿಸಿದ್ದರಿಂದ ಮತ್ತೆ ಹೊರಗುಳಿಯಬೇಕಾಯಿತು. ಅವರು ಕಾದರು, ಕಾಯುವಷ್ಟು ಸ್ಥಾನಬಲ ಅವರಿಗಿತ್ತು. ತನ್ನ ಜಾಗ ಇನ್ನೊಬ್ಬನ ಪಾಲಾಗುತ್ತದೆಂಬ ಭಯದಲ್ಲಿರುವ ಇಪ್ಪತ್ತರ ಹುಡುಗ ತಲೆನೋವನ್ನು ಮುಚ್ಚಿಟ್ಟು ಆಡಲು ಇಳಿಯುವ ಅಪಾಯವಿದೆ. ಅಂಥ ಹುಡುಗನ ಮನೆಯವರು ಇದನ್ನು ಓದುತ್ತಿದ್ದರೆ, ಅವನೊಂದಿಗೆ ಈ ಒಂದು ವಿಷಯವನ್ನು ಬಿಚ್ಚಿ ಮಾತನಾಡಬೇಕೆಂದು ಕೇಳಿಕೊಳ್ಳುತ್ತೇನೆ.

ರಕ್ಷಣಾ ಸಾಧನಗಳನ್ನೂ ಹಗುರವಾಗಿ ಕಾಣಬಾರದು. 2011ರ ಮಾರ್ಚ್‌ನಲ್ಲಿ ಮಲ್ಹೋತ್ರಾ ಅವರ ಎಡಗಣ್ಣಿಗೆ ಪಕ್ ಬಡಿದು ದೃಷ್ಟಿಗೆ ಶಾಶ್ವತ ಹಾನಿಯಾಯಿತು. 2013ರಿಂದ ಹೊಸ ಆಟಗಾರರಿಗೆ ಮುಖದ ವೈಸರ್ ಕಡ್ಡಾಯವಾಗಿದೆ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಪಂದ್ಯವೊಂದರಲ್ಲಿ ಸ್ಕೇಟಿನ ಅಲಗು ಕೊರಳಿಗೆ ತಾಗಿ ಆಡಮ್ ಜಾನ್ಸನ್ ಪ್ರಾಣ ಕಳೆದುಕೊಂಡ ಮೇಲೆ ಕೊರಳ ಕವಚವನ್ನು ಹಲವು ಲೀಗ್‌ಗಳು ಕಡ್ಡಾಯ ಮಾಡಿವೆ. ಆಟಕ್ಕೆ ಅಡ್ಡಿಯೆನಿಸಿದರೂ ಅದನ್ನು ಬಿಡಬಾರದು.

ಪ್ರಶ್ನೆ: ಎಲ್ಲ ಪ್ರಯತ್ನದ ನಂತರವೂ ಎನ್‌ಎಚ್‌ಎಲ್ ತಲುಪದವರು ಏನು ಮಾಡುತ್ತಾರೆ?

ಉತ್ತರ: ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಬಾಗಿಲು ಮುಚ್ಚಿತೆಂದು ತೀರ್ಮಾನಿಸುವುದು ಅವಸರವಾದೀತು. ಮಾರ್ಟಿನ್ ಸೇಂಟ್ ಲೂಯಿ ಅವರ ಎತ್ತರ ಐದು ಅಡಿ ಎಂಟು ಅಂಗುಲ. ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಹೊರಬಂದ ಮೇಲೆ ಕ್ಯಾಲ್ಗರಿ ತಂಡ ಸೇರಿಸಿಕೊಂಡಿತಾದರೂ 2000ದಲ್ಲಿ ಬಿಟ್ಟುಬಿಟ್ಟಿತು. ಟ್ಯಾಂಪಾ ಬೇ ತಂಡಕ್ಕೆ ಸೇರಿದ ಅವರು 2004ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿ, ಶ್ರೇಷ್ಠ ಆಟಗಾರನೆನಿಸಿ, ಸ್ಟ್ಯಾನ್ಲಿ ಕಪ್ಪನ್ನೂ ಎತ್ತಿಹಿಡಿದರು. ಆ ಅಂತಿಮ ಸರಣಿಯಲ್ಲಿ ಸೋತದ್ದು ಅದೇ ಕ್ಯಾಲ್ಗರಿ.

ಆದರೆ ಹೆಚ್ಚಿನವರಿಗೆ ಅಂಥ ತಿರುವು ಸಿಗುವುದಿಲ್ಲ. ಅವರಲ್ಲಿ ಕೆಲವರು ಸ್ವೀಡನ್, ಫಿನ್‌ಲೆಂಡ್, ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳ ಲೀಗ್‌ಗಳಿಗೆ ಹೋಗಿ, ಒಳ್ಳೆಯ ಸಂಬಳ ಪಡೆದು, ಅಲ್ಲೇ ಸಂಸಾರ ಹೂಡಿ ಹತ್ತು ಹನ್ನೆರಡು ವರ್ಷ ಆಡುತ್ತಾರೆ. ಕೆಲವರು ಅಮೆರಿಕದ ಮೂರನೇ ದರ್ಜೆಯ ಇಸಿಎಚ್‌ಎಲ್‌ನಲ್ಲಿ ಕಡಿಮೆ ಹಣಕ್ಕೆ ಇನ್ನೆರಡು ವರ್ಷ ಪ್ರಯತ್ನಿಸುತ್ತಾರೆ. ಓದಿಗೆ ಮರಳುವವರೂ ಇದ್ದಾರೆ: ಕೆನಡಾದ ಜೂನಿಯರ್ ಲೀಗ್‌ನಲ್ಲಿ ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಉನ್ನತ ಶಿಕ್ಷಣದ ಶುಲ್ಕವನ್ನು ವಿದ್ಯಾರ್ಥಿವೇತನವಾಗಿ ಕೊಡುವ ವ್ಯವಸ್ಥೆಯಿದೆ. ಆದರೆ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದವರಿಗೂ ಬಹಳ ಕಾಲ ಬಿಟ್ಟು ಬಂದವರಿಗೂ ಆ ಹಣ ಕೈತಪ್ಪಬಹುದು. ಆದ್ದರಿಂದ ಜೂನಿಯರ್ ತಂಡದೊಂದಿಗೆ ಒಪ್ಪಂದ ಮಾಡಿಕೊಳ್ಳುವ ದಿನವೇ, ಆ ಸೌಲಭ್ಯ ಯಾವಾಗ ರದ್ದಾಗುತ್ತದೆಂಬ ಷರತ್ತನ್ನು ಹೆತ್ತವರು ಓದಿ, ಅದನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು.